ಹಿಮದ ಅಂಚಿನ ಹಸಿರು: ಮೊಂಟಾನಾ ಬೆಟ್ಟಗಳಲ್ಲಿ ವಸಂತದ ಕಪ್ಪು ಕರಡಿ ಬೇಟೆ

ವಸಂತದ ಕರಡಿ ಬೇಟೆಯಲ್ಲಿ ಕಾಲಿಗಿಂತ ಕಣ್ಣಿಗೆ ಕೆಲಸ ಜಾಸ್ತಿ. ದಿನವಿಡೀ ಬೆಟ್ಟ ಸುತ್ತಿದವರಿಗೆ ಕಾಣದ ಕರಡಿ, ಒಂದೇ ಬಂಡೆಯ ಮೇಲೆ ಸಂಜೆಯೆಲ್ಲ ದುರ್ಬೀನು ಹಿಡಿದು ಕೂತವರಿಗೆ ಕಾಣುತ್ತದೆ. ಇಲ್ಲಿ ಹೇಳುತ್ತಿರುವುದು ಅಮೆರಿಕದ ಪಶ್ಚಿಮ ಮೊಂಟಾನಾದ ಮಾತು. ನಮ್ಮಲ್ಲಿ ಕರಡಿ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಬೇಟೆಯ ಮಾತೇ ಇಲ್ಲ.

ಮೊದಲು ಕಾಗದಪತ್ರ. ಸೀಸನ್ ಏಪ್ರಿಲ್ 15ಕ್ಕೆ ತೆರೆಯುತ್ತದೆ. ಮುಗಿಯುವ ದಿನ ಒಂದೊಂದು ಬೇಟೆ ಜಿಲ್ಲೆಗೆ ಒಂದೊಂದು, ಆ ವರ್ಷದ ನಿಯಮಪುಸ್ತಕ ನೋಡಿಯೇ ಹೊರಡಿ. 1985ರ ಜನವರಿ 1ರ ನಂತರ ಹುಟ್ಟಿದವರಿಗೆ ಬೇಟೆ ತರಬೇತಿಯ ಪ್ರಮಾಣಪತ್ರ ಬೇಕು. ಕರಡಿ ಲೈಸೆನ್ಸ್ ಕೊಳ್ಳುವ ಮುನ್ನ ಕಪ್ಪು ಕರಡಿಗೂ ಗ್ರಿಜ್ಲಿ ಎಂಬ ಕಂದು ಕರಡಿಗೂ ವ್ಯತ್ಯಾಸ ಗುರುತಿಸುವ ಪರೀಕ್ಷೆ ಪಾಸಾಗಬೇಕು. ಅಲ್ಲಿರುವ ಕನ್ನಡಿಗರು ಇನ್ನೊಂದು ವಿಷಯ ಗಮನಿಸಬೇಕು: ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಅದಕ್ಕೆ ಒಂದು ವಿನಾಯಿತಿ. ಲೈಸೆನ್ಸ್ ಕೈಗೆ ಬರುವ ಮುನ್ನ ಗೆಳೆಯನ ರೈಫಲ್ಲನ್ನೂ ಮುಟ್ಟಬೇಡಿ.

ಇನ್ನು ಕರಡಿ ಎಲ್ಲಿರುತ್ತದೆ? ಗುಹೆಯಿಂದ ಮೊದಲು ಹೊರಬರುವುದು ದೊಡ್ಡ ಗಂಡುಗಳು, ಕೊನೆಗೆ ಮರಿಗಳಿರುವ ತಾಯಂದಿರು. ತಿಂಗಳುಗಟ್ಟಲೆ ಖಾಲಿ ಇದ್ದ ಹೊಟ್ಟೆಗೆ ಮೊದಲು ಸಿಗುವುದು ಹುಲ್ಲು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳಲ್ಲಿ ಹಿಮ ಮೊದಲು ಕರಗುತ್ತದೆ. ಹಿಮಕುಸಿತ ಮರಗಳನ್ನು ಗುಡಿಸಿಹಾಕಿದ ಪಟ್ಟಿಗಳು, ವಾಹನಕ್ಕೆ ಮುಚ್ಚಿದ ಹಳೆಯ ಮರಸಾಗಣೆ ರಸ್ತೆಗಳಲ್ಲಿ ಚಿಗುರುವ ಕ್ಲೋವರ್, ದಂಡೇಲಿಯನ್, ಇವನ್ನೇ ನೋಡಿ. ಹಸಿರು ವಾರವಾರಕ್ಕೂ ಮೇಲೇರುತ್ತದೆ, ಕರಡಿಯೂ ಹಿಂದೆಯೇ ಏರುತ್ತದೆ. ಏಪ್ರಿಲ್‌ನಲ್ಲಿ ಕಂಡ ಜಾಗ ಜೂನ್‌ನಲ್ಲಿ ಖಾಲಿ ಇರುವುದು ಅದಕ್ಕೇ. ರಸ್ತೆಯಲ್ಲಿ ಬಿದ್ದ ಹಿಕ್ಕೆ ಹಸಿರಾಗಿ, ಮೆತ್ತಗೆ, ಸಗಣಿಯಂತಿದ್ದರೆ ತಾಜಾ. ಕಪ್ಪಾಗಿ ಒಣಗಿ, ಒಡೆದಾಗ ಹುಲ್ಲಿನ ನಾರು ಮಾತ್ರ ಉದುರಿದರೆ ಹಳೆಯದು.

ಕೂರುವ ಜಾಗ ಎದುರು ಇಳಿಜಾರಿನಲ್ಲಿ, ಒಂದು ಕಿಲೋಮೀಟರಿನಷ್ಟು ದೂರದಲ್ಲಿರಲಿ. 10x42 ದುರ್ಬೀನನ್ನು ಟ್ರೈಪಾಡಿಗೆ ಕಟ್ಟಿ. ಕೈಯಲ್ಲಿ ಹಿಡಿದರೆ ಹತ್ತು ನಿಮಿಷಕ್ಕೇ ಕಣ್ಣು ಸೋಲುತ್ತದೆ. ಮಧ್ಯಾಹ್ನ ನಾಲ್ಕರಿಂದ ಕತ್ತಲಾಗುವವರೆಗಿನ ಹೊತ್ತೇ ಬಂಗಾರ. ಖಾಲಿ ಕಂಡ ಬಯಲನ್ನು ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಸುಟ್ಟ ಮರದ ಬೊಡ್ಡೆ ಎಂದುಕೊಂಡದ್ದು ಅಷ್ಟರಲ್ಲಿ ಜಾಗ ಬದಲಿಸಿರುತ್ತದೆ.

ಕಂಡ ಕೂಡಲೇ ಹೊರಡಬೇಡಿ. ಮುಖ್ಯ ಕೆಲಸ ಈಗ ಶುರು. ಬಣ್ಣ ನಂಬಬೇಡಿ: ಕಪ್ಪು ಕರಡಿ ಕಂದು, ದಾಲ್ಚಿನ್ನಿ, ಹೊಂಬಣ್ಣದಲ್ಲೂ ಇರುತ್ತದೆ. ಗ್ರಿಜ್ಲಿಗೆ ಭುಜದ ಮೇಲೆ ಡುಬ್ಬ, ಹಣೆಯಿಂದ ಮೂಗಿಗೆ ಒಳಗೆ ಬಾಗಿದ ಮುಖ, ಚಿಕ್ಕ ಗುಂಡು ಕಿವಿ, ಎರಡರಿಂದ ನಾಲ್ಕು ಇಂಚಿನ ಉಗುರು. ಕಪ್ಪು ಕರಡಿಯ ಮುಖ ನೇರ, ಕಿವಿ ಎತ್ತರ, ಉಗುರು ಎರಡು ಇಂಚಿನೊಳಗೆ. ಒಂದೇ ಲಕ್ಷಣ ಹಿಡಿದು ತೀರ್ಮಾನಿಸಬೇಡಿ. ತಲೆ ತಗ್ಗಿಸಿ ಮೇಯುವ ಕಪ್ಪು ಕರಡಿಯ ಬೆನ್ನೂ ಡುಬ್ಬದಂತೆ ಕಾಣುತ್ತದೆ. 1975ರಿಂದ ಗ್ರಿಜ್ಲಿಗೆ ಫೆಡರಲ್ ರಕ್ಷಣೆ ಇದೆ, ತಪ್ಪಿದರೆ ಕ್ಷಮೆಯಿಲ್ಲ. ಆಮೇಲೆ ಕನಿಷ್ಠ ಅರ್ಧ ಗಂಟೆ ಮರಿಗಳಿಗಾಗಿ ಕಾಯಿರಿ. ಮರಿಗಳನ್ನಾಗಲಿ ಮರಿಗಳ ಜೊತೆಗಿರುವ ತಾಯಿಯನ್ನಾಗಲಿ ಹೊಡೆಯುವುದು ಕಾನೂನುಬಾಹಿರ. ತಾಯಿ ಬಯಲಲ್ಲಿ ಮೇಯುವಾಗ ಮರಿಗಳು ಮರದ ಮೇಲಿರಬಹುದು. ಕಿವಿಗಳು ದೊಡ್ಡದಾಗಿ, ಹತ್ತಿರ ಹತ್ತಿರ ಕಂಡರೆ ಹೆಣ್ಣು ಅಥವಾ ಎಳೆಯದು. ಅಗಲ ತಲೆಯ ಎರಡು ಪಕ್ಕಕ್ಕೆ ಚಿಕ್ಕದಾಗಿ ಅಂಟಿಸಿದಂತಿದ್ದರೆ ದೊಡ್ಡ ಗಂಡು.

ಹತ್ತಿರ ಹೋಗುವಾಗ ಗಾಳಿಯೇ ಯಜಮಾನ. ಬಿಸಿಲಿರುವಾಗ ಗಾಳಿ ಬೆಟ್ಟ ಹತ್ತುತ್ತದೆ, ನೆರಳು ಬಿದ್ದಂತೆ ಇಳಿಯುತ್ತದೆ. ಈ ತಿರುವಿನ ಹೊತ್ತಲ್ಲೇ ಹೆಚ್ಚಿನವರು ಕೆಡುತ್ತಾರೆ. ರೈಫಲ್ಲಿಗೆ .308 ಅಥವಾ .30-06 ಅಳತೆಯ ತೋಟಾ ಧಾರಾಳ ಸಾಕು. 200 ಮೀಟರಿನೊಳಗೆ, ಪೂರ್ತಿ ಪಕ್ಕಕ್ಕೆ ನಿಂತಾಗ, ಮುಂಗಾಲು ಮುಂದೆ ಇಟ್ಟ ಕ್ಷಣ ಆ ಕಾಲಿನ ಹಿಂದೆ ಗುರಿ. ಹೊಟ್ಟೆಯ ಉದ್ದ ಕೂದಲು ಮೈಯನ್ನು ಇದ್ದುದಕ್ಕಿಂತ ಕೆಳಕ್ಕೆ ತೋರಿಸುತ್ತದೆ, ಆದ್ದರಿಂದ ಗುರಿ ಎತ್ತರದ ಮಧ್ಯದಿಂದ ತುಸುವೇ ಕೆಳಗಿರಲಿ. ಕೊಬ್ಬು ಗಾಯ ಮುಚ್ಚುತ್ತದೆ, ಕೂದಲು ರಕ್ತ ಹೀರುತ್ತದೆ, ನೆಲದ ಮೇಲೆ ಜಾಡು ಸಿಗುವುದು ಕಡಿಮೆ. ಅದು ನಿಂತಿದ್ದ ಜಾಗ, ಹೊಕ್ಕ ಪೊದೆ ಎರಡನ್ನೂ ಕಣ್ಣಲ್ಲಿ ಗುರುತು ಹಾಕಿಕೊಳ್ಳಿ. ಕತ್ತಲಾಗಲು ಅರ್ಧ ಗಂಟೆಯೂ ಉಳಿದಿಲ್ಲದಿದ್ದರೆ ಹೊಡೆಯದೆ ಬಿಡುವುದೇ ಸರಿ.

ಬಿದ್ದ ಕರಡಿಯ ದಪ್ಪ ಕೂದಲು, ಕೊಬ್ಬು ಕಂಬಳಿಯಂತೆ ಬಿಸಿ ಹಿಡಿದಿಡುತ್ತವೆ, ತಡಮಾಡಿದರೆ ಮಾಂಸ ಮೂಳೆಯ ಪಕ್ಕದಿಂದಲೇ ಹುಳಿಯುತ್ತದೆ. ಫೋಟೊ ಆಮೇಲೆ. ಕೂಡಲೇ ಚರ್ಮ ಬಿಡಿಸಿ, ಗಂಡೋ ಹೆಣ್ಣೋ ಎಂದು ತೋರಿಸುವ ಅಂಗದ ಗುರುತನ್ನು ನಿಯಮದಂತೆ ಉಳಿಸಿ, ತೊಡೆ-ಭುಜಗಳನ್ನು ಬೇರ್ಪಡಿಸಿ ಗಾಳಿಯಾಡುವ ಬಟ್ಟೆಚೀಲಗಳಲ್ಲಿ ನೆರಳಿಗೆ ತೂಗುಹಾಕಿ. ಚರ್ಮವನ್ನು ಹಿಮದ ಮೇಲೆ ಹರಡಿ ತಣಿದ ಮೇಲಷ್ಟೇ ಸುತ್ತಿ. ಬಿಸಿಯಾಗಿ ಸುತ್ತಿದರೆ ಕೂದಲು ಉದುರುತ್ತದೆ. ಮಾಂಸ, ಚರ್ಮ, ತಲೆ ಸೇರಿ ಒಬ್ಬರಿಗೆ ಎರಡು ಹೊರೆ ಎಂದೇ ಲೆಕ್ಕ ಹಾಕಿ. ಹೊರಲಾಗದಷ್ಟು ದೂರದಲ್ಲಿ ಹೊಡೆಯಬೇಡಿ. 48 ಗಂಟೆಯೊಳಗೆ ಮೊಂಟಾನಾದ ವನ್ಯಜೀವಿ ಇಲಾಖೆಗೆ ವರದಿ ಕೊಡಬೇಕು.

ಊಟ, ಮಾಂಸ ಎಲ್ಲವೂ ನೆಲದಿಂದ 10 ಅಡಿ ಮೇಲೆ, ಮರದ ಬೊಡ್ಡೆಯಿಂದ 4 ಅಡಿ ದೂರಕ್ಕೆ ತೂಗಲಿ, ಟೆಂಟಿನಿಂದ ನೂರು ಗಜ ಆಚೆ. ಕರಡಿ ಸ್ಪ್ರೇ ಚೀಲದೊಳಗಲ್ಲ, ಸೊಂಟದಲ್ಲಿರಲಿ. ಹೊಳೆ ದಾಟುವುದು ಬೆಳಿಗ್ಗೆಯೇ. ಹಗಲೆಲ್ಲ ಕರಗಿದ ಹಿಮದ ನೀರು ಸಂಜೆಗೆ ಮೊಣಕಾಲಿನ ಹೊಳೆಯನ್ನು ಸೊಂಟಕ್ಕೇರಿಸುತ್ತದೆ. ರಾತ್ರಿ ಮೈಮೇಲೆ ಉಣ್ಣೆಹುಳ ಹುಡುಕಿ.

ಅಡುಗೆಯಲ್ಲಿ ರಾಜಿ ಬೇಡ. ಕರಡಿ ಮಾಂಸದಲ್ಲಿ ಟ್ರಿಕಿನೆಲ್ಲಾ ಹುಳುವಿನ ಮರಿಗಳಿರಬಹುದು, ಕೆಲವು ಜಾತಿಯವು ಫ್ರೀಜರಿನಲ್ಲೂ ಸಾಯುವುದಿಲ್ಲ. 2022ರಲ್ಲಿ 45 ದಿನ ಫ್ರೀಜರಿನಲ್ಲಿದ್ದ ಕರಡಿ ಮಾಂಸವನ್ನು ಸರಿಯಾಗಿ ಬೇಯಿಸದೆ ಬಡಿಸಿದ ಒಂದು ಕುಟುಂಬದ ಕೂಟದಲ್ಲಿ ಆರು ಜನರಿಗೆ ಸೋಂಕು ತಗುಲಿತು. ಅವರಲ್ಲಿ ಇಬ್ಬರು ತಿಂದದ್ದು ಮಾಂಸದ ಜೊತೆ ಬೆಂದ ತರಕಾರಿ ಮಾತ್ರ. ಹಸಿ ಮಾಂಸದ ಹಲಗೆ, ಚಾಕು ಬೇರೆಯೇ ಇಡಿ. ಬಣ್ಣ ನೋಡಿ ಬೆಂದಿದೆ ಎನ್ನಬೇಡಿ. ಅತಿ ದಪ್ಪ ತುಂಡಿನ ನಡುವಿಗೆ, ಮೂಳೆಗೆ ತಾಗದಂತೆ ಥರ್ಮಾಮೀಟರ್ ಚುಚ್ಚಿ, 74 ಡಿಗ್ರಿ ಸೆಲ್ಸಿಯಸ್ ತೋರಿಸಿದ ಮೇಲೆ ಇಳಿಸಿ.