ಒಂದೇ ಕಾರ್ಡಿನಲ್ಲಿ ಮನುಷ್ಯಳೂ ತೋಳವೂ

'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಕಾರ್ಡ್ ಆಟದಲ್ಲಿ 1994ರ ಲೆಜೆಂಡ್ಸ್ ಸೆಟ್‌ನಲ್ಲೇ (ಸೆಟ್ ಅಂದರೆ ಒಟ್ಟಿಗೆ ಬಿಡುಗಡೆಯಾಗುವ ಕಾರ್ಡುಗಳ ಗುಂಪು) 'ಲೆಸ್ಸರ್ ವೇರ್‌ವುಲ್ಫ್' ಎಂಬ ತೋಳಮಾನವನ ಕಾರ್ಡು ಇತ್ತು. ಆದರೆ ಅದಕ್ಕೆ ಒಂದೇ ಮುಖ. 2011ರಲ್ಲಿ ಇನ್ನಿಸ್ಟ್ರಾಡ್ ಸೆಟ್ ಬಂತು ನೋಡಿ, ಚಿತ್ರಕಾರರ ಕೆಲಸವೇ ಬದಲಾಯಿತು. ಕಾರ್ಡಿನ ಮುಂದೆ ಮನುಷ್ಯ, ಹಿಂದೆ ವೇರ್‌ವುಲ್ಫ್. ಒಂದು ಸರದಿಯಲ್ಲಿ ಯಾರೂ ಸ್ಪೆಲ್ (ಮಂತ್ರ) ಆಡದಿದ್ದರೆ ಕಾರ್ಡು ತಿರುಗುತ್ತದೆ. ಯಾರಾದರೂ ಒಬ್ಬರು ಒಂದೇ ಸರದಿಯಲ್ಲಿ ಎರಡು ಸ್ಪೆಲ್ ಆಡಿದರೆ ಮತ್ತೆ ಮನುಷ್ಯ.

ಪೋರ್ಟ್‌ಫೋಲಿಯೊಗೆಂದು ನಾನೂ ಅಂಥದ್ದೇ ಒಂದು ಜೋಡಿ ಚಿತ್ರ ಮಾಡಿದೆ. ಆ ಸೆಟ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು, ತೋಳವಾಗುವವರೆಲ್ಲ ಊರೊಳಗಿನವರೇ ಅನ್ನೋದು. ಕಮ್ಮಾರ, ಕುರುಬ, ಮೇಯರ್. ಹಾಗಾಗಿ ನಾನು ಚರ್ಚಿನ ಗಂಟೆ ಬಾರಿಸುವ ಹೆಂಗಸನ್ನು ಆರಿಸಿಕೊಂಡೆ. ಗಂಟೆಯ ಹಗ್ಗವನ್ನು ಎಡಗೈಗೆ ಸುತ್ತಿಕೊಂಡು ನಿಂತಿದ್ದಾಳೆ.

ಹಿಂಬದಿಯಲ್ಲೂ ಅದೇ ಹಗ್ಗ, ಅದೇ ಕೈ. ಕೈ ದಪ್ಪವಾಗಿ ಹಗ್ಗ ಬಿಗಿದಿದೆ, ಸುತ್ತುಗಳ ನಡುವಿನಿಂದ ಕೂದಲು ಉಬ್ಬಿ ಹೊರಬಂದಿದೆ. ಇಡೀ ಚಿತ್ರದಲ್ಲಿ ನಾನು ಜಾಸ್ತಿ ಹೊತ್ತು ಕೂತದ್ದು ಈ ಜಾಗದ ಮೇಲೆ. ಹರಿದ ಬಟ್ಟೆ ಎಲ್ಲರೂ ಬರೆಯುತ್ತಾರೆ. ಅದರಿಂದ ಇವಳು ಯಾರು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಹಗ್ಗ ನೋಡಿದ ತಕ್ಷಣ ಗೊತ್ತಾಗುತ್ತದೆ.

ಮೈಕಟ್ಟಿಗೆ ಕೊಪ್ಪಳ ಜಿಲ್ಲೆಯ ಬಂಕಾಪುರದ ತೋಳಗಳ ಫೋಟೊ ಇಟ್ಟುಕೊಂಡೆ. ನಮ್ಮ ತೋಳಕ್ಕೆ ಕೂದಲು ಕಡಿಮೆ, ಹೆಗಲಿನ ಮೂಳೆ, ಕಾಲಿನ ಕೀಲು ಎಲ್ಲ ಚೆನ್ನಾಗಿ ಕಾಣುತ್ತವೆ. ಹಿಂಗಾಲಿನಲ್ಲಿ ಹಿಂದಕ್ಕೆ ಮಡಿಚಿದಂತೆ ಕಾಣುವುದು ಮಂಡಿಯಲ್ಲ, ಹಿಮ್ಮಡಿಯ ಕೀಲು. ತೋಳ ಬೆರಳ ಮೇಲೆ ನಡೆಯುತ್ತದೆ. ಇದು ಕೈಗೆ ಹತ್ತಿದರೆ ಎರಡು ಕಾಲಿನ ಮೇಲೆ ನಿಂತ ತೋಳಕ್ಕೂ ತೂಕ ಬರುತ್ತದೆ. ಯುರೋಪಿನ ಚಳಿನಾಡಿನ ದಟ್ಟ ಕೂದಲನ್ನು ಆಮೇಲೆ ಹೊದಿಸಿದೆ. ಒಂದೊಂದೇ ಎಳೆ ಬರೆಯಲಿಲ್ಲ. ಕುತ್ತಿಗೆ, ಮೊಣಕೈ, ತೊಡೆಯ ಹತ್ತಿರ ಗೊಂಚಲು ಗೊಂಚಲಾಗಿ ಇಟ್ಟು, ಅಂಚಿನಲ್ಲಿ ಮಾತ್ರ ಬಿಡಿ ಎಳೆ ಎಳೆದೆ.

ಬೆಳಕು ಸುಲಭ: ಮುಂದೆ ಸಂಜೆಯ ಕಿತ್ತಳೆ, ಹಿಂದೆ ಬೆಳದಿಂಗಳ ನೀಲಿ. ಗೋಪುರದ ಕಿಟಕಿ ಮಾತ್ರ ಎರಡರಲ್ಲೂ ಅದೇ ಜಾಗದಲ್ಲಿದೆ. ಕಾರ್ಡು ತಿರುಗಿಸಿದಾಗ ಕಣ್ಣು ಅಲ್ಲೇ ನಿಲ್ಲಬೇಕು.

ಕಾರ್ಡಿನ ಅಳತೆ ಸುಮಾರು 63 × 88 ಮಿಲಿಮೀಟರ್. ಚಿತ್ರಕ್ಕೆ ಸಿಗುವುದು ಅದರ ಅರ್ಧಕ್ಕಿಂತ ಕಡಿಮೆ. ಅದಕ್ಕೇ ಬಣ್ಣಕ್ಕೆ ಮೊದಲು ಕಪ್ಪು, ಬಿಳುಪು, ಬೂದು ಇಷ್ಟರಲ್ಲೇ ಪುಟ್ಟ ಸ್ಕೆಚ್‌ಗಳನ್ನು ಮಾಡಿ, ಅದೇ ಅಳತೆಗೆ ಪ್ರಿಂಟ್ ತೆಗೆದು, ಮೇಜಿನ ಆಚೆ ಬದಿಯಲ್ಲಿಟ್ಟು ನೋಡುತ್ತೇನೆ. ಅಷ್ಟು ದೂರದಿಂದ ಕಿವಿ, ಮೂತಿ, ಹಗ್ಗದ ಕೈ ಮೂರೂ ಬೇರೆಬೇರೆಯಾಗಿ ಕಂಡರೆ ಮಾತ್ರ ಬಣ್ಣಕ್ಕೆ ಇಳಿಯುತ್ತೇನೆ. ರಾತ್ರಿಯ ಚಿತ್ರ ಪರದೆಗಿಂತ ಕಾಗದದ ಮೇಲೆ ಕಪ್ಪಾಗಿಯೇ ಬರುತ್ತದೆ. ಹಾಗಾಗಿ ಕೊನೆಯಲ್ಲಿ ನೆರಳನ್ನೆಲ್ಲ ಒಂದು ಹಂತ ತಿಳಿ ಮಾಡಿಯೇ ಫೈಲ್ ಕಳಿಸುತ್ತೇನೆ.