ಗಿಡ ನೆಡುವ ಮೊದಲು ಹೊಗೆ ಹುಡುಕಿ

ಬಡಾವಣೆಯ ಗಾಳಿ ಕೆಟ್ಟಿದೆ ಎಂದು ನಾಲ್ಕು ಜನ ಸೇರಿದರೆ ಮೊದಲು ಬರುವ ಸಲಹೆ ‘ಗಿಡ ನೆಡೋಣ’. ಯಾರೊಡನೆಯೂ ಜಗಳವಿಲ್ಲ, ಫೋಟೊ ಕೂಡ ಚೆನ್ನಾಗಿ ಬರುತ್ತದೆ. ಆದರೆ ಆ ಸಸಿ ದೂಳು ಹಿಡಿಯುವಷ್ಟು ಎಲೆ ಬಿಡಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಅದರ ಪಕ್ಕದಲ್ಲೇ ಕಸಕ್ಕೆ ಹಚ್ಚಿದ ಬೆಂಕಿ ಹೊಗೆಯಾಡುತ್ತಲೇ ಇರುತ್ತದೆ.

ಇಡೀ ನಗರದ ಗಾಳಿಯನ್ನು ಒಂದು ಓಣಿಯವರು ಸರಿಪಡಿಸಲಾರರು. ಕಾರ್ಖಾನೆಯ ಚಿಮಣಿ, ಹೆದ್ದಾರಿಯ ಲಾರಿ ನಮ್ಮ ಮಾತು ಕೇಳುವುದಿಲ್ಲ. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಹೊಗೆ ಹುಟ್ಟುವಲ್ಲಿ ದಟ್ಟ, ದೂರ ಹೋದಷ್ಟೂ ತೆಳು. ಹತ್ತಿರದ ಸಣ್ಣ ಮೂಲವೊಂದನ್ನು ನಿಲ್ಲಿಸಿದರೂ ಅದರ ಸುತ್ತಲಿನ ಮನೆಗಳಿಗೆ ಆ ದಿನವೇ ವ್ಯತ್ಯಾಸ ತಿಳಿಯುತ್ತದೆ. ಕೆಲಸ ಅಲ್ಲಿಂದ ಶುರುವಾಗಲಿ.

1. ಹೊಗೆಯ ನಕ್ಷೆ ಬರೆಯಿರಿ

ನಿಮ್ಮ ಬೀದಿಗಳ ನಕ್ಷೆಯೊಂದನ್ನು ಕಾಗದದ ಮೇಲೆ ಗೀಚಿಕೊಂಡು ಮುಂಜಾನೆ ಮತ್ತು ಮುಸ್ಸಂಜೆ ಸುತ್ತಾಡಿ. ಆ ಹೊತ್ತೇ ಏಕೆಂದರೆ, ಗಾಳಿ ಬೀಸದ ತಂಪು ರಾತ್ರಿಗಳಲ್ಲಿ ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಅದರ ಮೇಲೆ ಬೆಚ್ಚನೆಯ ಪದರವೊಂದು ಪಾತ್ರೆಗೆ ಮುಚ್ಚಳ ಹಾಕಿದಂತೆ ಕೂರುತ್ತದೆ. ಕೆಳಗಿನ ಹೊಗೆ ಮೇಲೇರದೆ ಅಲ್ಲೇ ಸುಳಿದಾಡುತ್ತದೆ. ಮಧ್ಯಾಹ್ನ ಕಾಣದ್ದು ಆಗ ಮೂಗಿಗೆ ಬಡಿಯುತ್ತದೆ.

ಕಸ ಸುಡುವ ಮೂಲೆ, ಎಂಜಿನ್ ಆರಿಸದೆ ವಾಹನ ನಿಲ್ಲಿಸುವ ಜಾಗ, ಹೊಗೆ ಕಾರುವ ಜನರೇಟರ್, ಮುಚ್ಚದ ಮರಳಿನ ರಾಶಿ, ಡಾಂಬರು ಕಿತ್ತ ರಸ್ತೆ ಎಲ್ಲವನ್ನೂ ಗುರುತು ಹಾಕಿ. ಪಕ್ಕದಲ್ಲಿ ವಾರ ಮತ್ತು ಸಮಯ ಬರೆಯಿರಿ. ಯಾರು ಹಚ್ಚಿದರು ಎಂದು ಹೆಸರು ಬರೆಯುವುದು ಬೇಡ, ನಕ್ಷೆ ಚಾಡಿಪಟ್ಟಿಯಾದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಎರಡು ಮೂರು ವಾರ ನೋಡಿದರೆ ಸಾಕು. ಬಹುತೇಕ ಕಡೆ ಅದೇ ಕೆಲವು ಜಾಗಗಳು, ಅದೇ ಹೊತ್ತು ಮತ್ತೆ ಮತ್ತೆ ಕಾಣುತ್ತವೆ.

2. ಅಳೆಯುವುದಾದರೆ ಎಚ್ಚರದಿಂದ ಅಳೆಯಿರಿ

ಕಡಿಮೆ ಬೆಲೆಯ ಸೆನ್ಸರ್‌ಗಳು ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರುವುದನ್ನು ನೋಡಿ ಪಿಎಂ 2.5 ಪ್ರಮಾಣವನ್ನು ಅಂದಾಜಿಸುತ್ತವೆ. ಪಿಎಂ 2.5 ಎಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ, ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು. ಮಂಜು ಅಥವಾ ಹೆಚ್ಚಿನ ತೇವಾಂಶ ಇದ್ದಾಗ ಕಣಗಳು ನೀರು ಹೀರಿ ಉಬ್ಬುತ್ತವೆ. ಆಗ ಯಂತ್ರ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಆದ್ದರಿಂದ ಸಂಖ್ಯೆಗಿಂತ ಅದರ ಏರಿಳಿತಕ್ಕೆ ಬೆಲೆ ಕೊಡಿ. ಸಾಧ್ಯವಾದರೆ ಮೊದಲ ಕೆಲವು ದಿನ ಅದನ್ನು ಅಧಿಕೃತ ಮಾಪನ ಕೇಂದ್ರದ ಪಕ್ಕದಲ್ಲಿಟ್ಟು ಹೋಲಿಸಿ. ಆಮೇಲೆ ಅಡುಗೆಮನೆಯ ಕಿಟಕಿಯಿಂದ ದೂರ, ಮನುಷ್ಯರು ಉಸಿರಾಡುವ ಎತ್ತರದಲ್ಲಿ ಕಟ್ಟಿ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಪಿಎಂ 2.5 ವರ್ಷದ ಸರಾಸರಿಯಲ್ಲಿ ಘನ ಮೀಟರ್‌ಗೆ 5 ಮೈಕ್ರೋಗ್ರಾಂ, 24 ಗಂಟೆಯ ಸರಾಸರಿಯಲ್ಲಿ 15 ಮೈಕ್ರೋಗ್ರಾಂ ಮೀರಬಾರದು. ಇವು ಸರಾಸರಿಗಳು. ಒಂದು ನಿಮಿಷ ಅಂಕಿ ಜಿಗಿಯಿತೆಂದು ಗಾಬರಿ ಬೇಡ.

ಯಂತ್ರವಿಲ್ಲ ಎಂದು ಕಾಯುವುದೂ ಬೇಡ. 1995ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತೈಲ ಶುದ್ಧೀಕರಣ ಘಟಕದ ಪಕ್ಕ ವಾಸಿಸುತ್ತಿದ್ದವರು ಪ್ಲಾಸ್ಟಿಕ್ ಬಕೆಟ್ಟಿನೊಳಗೆ ಚೀಲವಿಟ್ಟು ಗಾಳಿ ಹಿಡಿದು ಪ್ರಯೋಗಾಲಯಕ್ಕೆ ಕಳಿಸತೊಡಗಿದರು. ‘ಬಕೆಟ್ ದಳ’ಗಳು ಹುಟ್ಟಿದ್ದು ಹಾಗೆ. ಕಸದ ಹೊಗೆಗಂತೂ ಕಣ್ಣು, ಮೂಗು ಸಾಕು.

3. ಕಸ ಸುಡುವುದನ್ನು ನಿಲ್ಲಿಸಿ, ಬೈಯದೆ

ಹೆಚ್ಚು ಶ್ರಮ ಹಾಕಬೇಕಾದದ್ದು ಇಲ್ಲಿ. ಬೆಂಕಿ ಹಚ್ಚುವವರಿಗೆ ಹೊಗೆ ಇಷ್ಟವೆಂದಲ್ಲ. ಗುಡಿಸಿದ ಎಲೆ ಎಲ್ಲಿ ಹಾಕಬೇಕೆಂದು ಅವರಿಗೆ ಯಾರೂ ಹೇಳಿಲ್ಲ, ಕಸದ ಗಾಡಿ ಬರುವುದಿಲ್ಲ, ರಾಶಿ ನಾರುತ್ತದೆ. ಬೆಂಕಿಕಡ್ಡಿ ಗೀರಿದರೆ ಎಲ್ಲ ತೊಂದರೆಗಳೂ ಒಂದೇ ಸಲಕ್ಕೆ ಮುಗಿಯುತ್ತವೆ. ಆದ್ದರಿಂದ ‘ಸುಡಬೇಡಿ’ ಫಲಕ ನೆಡುವ ಮೊದಲು ಕಸ ಹಾಕಲು ಜಾಗ ಕೊಡಿ. ಬರೀ ಫಲಕದಿಂದ ಬೆಂಕಿ ಪಕ್ಕದ ಬೀದಿಗೆ ಹೋಗುತ್ತದೆ, ಅಷ್ಟೇ.

ತರಗೆಲೆಗೆ ತಂತಿಬಲೆಯ ಗೂಡು ಮಾಡಿ. ಉದ್ದ, ಅಗಲ, ಎತ್ತರ ಮೂರೂ ಸುಮಾರು 1 ಮೀಟರ್ ಇರಲಿ. ಅದಕ್ಕಿಂತ ಚಿಕ್ಕದಾದರೆ ಒಳಗೆ ಶಾಖ ನಿಲ್ಲುವುದಿಲ್ಲ. ಮೂರು ಪಾಲು ಒಣಎಲೆಗೆ ಒಂದು ಪಾಲು ಹಸಿರು (ಹುಲ್ಲು, ತರಕಾರಿ ಸಿಪ್ಪೆ) ಹಾಕುತ್ತಾ ಬನ್ನಿ. ಇಂಗಾಲ ಮತ್ತು ಸಾರಜನಕ 25–30ಕ್ಕೆ 1ರ ಹದದಲ್ಲಿದ್ದರೆ ಸೂಕ್ಷ್ಮಜೀವಿಗಳು ಚುರುಕಾಗುತ್ತವೆ, ಈ ಅಳತೆ ಅದರ ಆಸುಪಾಸಿಗೆ ತರುತ್ತದೆ. ಒಂದು ಹಿಡಿ ತೆಗೆದು ಹಿಂಡಿದಾಗ ಒಂದೆರಡು ಹನಿ ತೊಟ್ಟಿಕ್ಕಿದರೆ ತೇವ ಸರಿಯಾಗಿದೆ. ವಾರ, ಹದಿನೈದು ದಿನಕ್ಕೊಮ್ಮೆ ಮಗುಚಿ. ಹದ ಕೂಡಿದ ರಾಶಿಯ ನಡುವೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಶಾಖ ಹುಟ್ಟುತ್ತದೆ. ನಾತ ಬಂದರೆ ಗಾಳಿ ಸಾಲದು ಅಥವಾ ನೀರು ಹೆಚ್ಚಾಗಿದೆ ಎಂದರ್ಥ. ಒಣಎಲೆ ಸೇರಿಸಿ ಮಗುಚಿದರೆ ಸರಿಹೋಗುತ್ತದೆ. ಏನೂ ಆಗದೆ ಹಾಗೇ ಬಿದ್ದಿದ್ದರೆ ನೀರು ಚಿಮುಕಿಸಿ. ಹಸಿರು ಸಿಗದಿದ್ದರೆ ಬರೀ ಎಲೆಯೂ ಕೊಳೆಯುತ್ತದೆ, ಒಂದು ವರ್ಷವೋ ಇನ್ನೂ ಹೆಚ್ಚೋ ಕಾಯಬೇಕು. ಚೂರು ಮಾಡಿ ಹಾಕಿದರೆ ಬೇಗ.

ಗೂಡಿಗೆ ಪ್ಲಾಸ್ಟಿಕ್ ಸೇರದಂತೆ ನೋಡಿಕೊಳ್ಳಲು ಒಬ್ಬರು ಹೊಣೆ ಹೊರಬೇಕು. ಎಲ್ಲರ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲ. ಪ್ಲಾಸ್ಟಿಕ್ ಸುಡುವುದಂತೂ ಇನ್ನೂ ಕೆಟ್ಟದ್ದು. ಪಿವಿಸಿಯಂಥ ಕ್ಲೋರಿನ್ ಇರುವ ವಸ್ತು ಬಯಲಲ್ಲಿ ಉರಿದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಜ್ವಾಲೆ ಇಲ್ಲದೆ ಒಳಗೊಳಗೇ ಹೊಗೆಯಾಡುವ ರಾಶಿ ‘ಆರಿದಂತಿದೆ’ ಎನಿಸಿದರೂ ಅರೆಬೆಂದ ಕಣಗಳನ್ನು ಧಾರಾಳವಾಗಿ ಉಗುಳುತ್ತಿರುತ್ತದೆ. ಸಣ್ಣ ರಾಶಿಗೆ ನೀರು ಸುರಿದು ಕೆದಕಿ, ಮತ್ತೆ ನೀರು ಸುರಿಯಿರಿ. ದೊಡ್ಡ ಕಸದ ಗುಡ್ಡೆಗೆ ಬೆಂಕಿ ಬಿದ್ದರೆ ಹತ್ತಿರ ಹೋಗದೆ ಅಗ್ನಿಶಾಮಕ ದಳವನ್ನು ಕರೆಯಿರಿ.

ಚಳಿಗೆ ಬೆಂಕಿ ಕಾಯಿಸುವ ರಾತ್ರಿ ಕಾವಲುಗಾರರ ವಿಷಯ ಬೇರೆ. ಅವರ ಮುಂದೆ ಗಾಳಿಯ ಗುಣಮಟ್ಟದ ಪಾಠ ಮಾಡುವುದು ನಾಚಿಕೆಗೇಡು. ಕಾವಲಿಗಿಟ್ಟವರು ಗಾಳಿ ತಡೆಯುವ ಕೋಣೆ, ದಪ್ಪ ಉಡುಪು, ಹೀಟರ್ ಕೊಡಲಿ, ಬೆಂಕಿ ತಾನಾಗಿ ನಿಲ್ಲುತ್ತದೆ.

4. ಸೌದೆ ಒಲೆ ಇರುವ ಊರಿನವರಿಗೆ

ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿರುವ ಲಾನ್ಸೆಸ್ಟನ್ ಪಟ್ಟಣದಲ್ಲಿ ಮನೆ ಬೆಚ್ಚಗಿಡಲು ಸೌದೆ ಉರಿಸುತ್ತಿದ್ದ ಕುಟುಂಬಗಳು ಶೇ 66 ಇದ್ದವು. ತಿಳಿವಳಿಕೆ, ನಿಯಮ ಪಾಲನೆ ಮತ್ತು 2001ರಿಂದ ನಡೆದ ಒಲೆ ಬದಲಾವಣೆ ಯೋಜನೆಯಿಂದ ಅದು ಶೇ 30ಕ್ಕೆ ಇಳಿಯಿತು. ಚಳಿಗಾಲದ ಪಿಎಂ 10 (10 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ) ಸರಾಸರಿ ಘನ ಮೀಟರ್‌ಗೆ 44ರಿಂದ 27 ಮೈಕ್ರೋಗ್ರಾಂಗೆ ಬಂತು. ಮನೆಮನೆಯ ಸಣ್ಣ ಹೊಗೆ ಸೇರಿದರೆ ಎಷ್ಟಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ. ಒಲೆ ಬದಲಿಸಲಾಗದವರು ತೇವಾಂಶ ಶೇ 20ಕ್ಕಿಂತ ಕಡಿಮೆ ಇರುವ ಒಣಸೌದೆಯನ್ನೇ ಬಳಸಿ. ರಾತ್ರಿಯಿಡೀ ಕೆಂಡ ಉಳಿಯಲೆಂದು ಗಾಳಿಕಿಂಡಿ ಪೂರ್ತಿ ಮುಚ್ಚಬೇಡಿ.

5. ಶಾಲೆಯ ಗೇಟಿನ ಮುಂದೆ

ಮಕ್ಕಳನ್ನು ಬಿಡುವ, ಕರೆದೊಯ್ಯುವ ಹೊತ್ತಿಗೆ ಶಾಲೆಯ ಮುಂದಿನ ರಸ್ತೆಯಲ್ಲಿ ವಾಹನ ಸಂಚಾರ ತಡೆಯುವ ಪದ್ಧತಿ 1989ರಲ್ಲಿ ಇಟಲಿಯ ಬೊಲ್ಜಾನೊದಲ್ಲಿ ಶುರುವಾಯಿತು. ಇದಕ್ಕೆ ಸ್ಥಳೀಯ ಆಡಳಿತದ ಅನುಮತಿ ಬೇಕು, ಅದಕ್ಕೂ ಮೊದಲು ಆ ರಸ್ತೆಯ ನಿವಾಸಿಗಳ ಒಪ್ಪಿಗೆ. ಕೆಲವು ವಾರ ಪ್ರಯೋಗಕ್ಕೆಂದು ಕೇಳಿದರೆ ವಿರೋಧ ಕಡಿಮೆ. ಅಷ್ಟೂ ಆಗದಿದ್ದರೆ ನಿಂತ ವಾಹನದ ಎಂಜಿನ್ ಆರಿಸುವಂತೆ ಗೇಟಿನಲ್ಲಿ ನಿಂತು ನಗುಮುಖದಿಂದ ಕೇಳಿ.

6. ದೂಳು, ಕೊನೆಗೆ ಗಿಡ

ಮರಳು ಮುಚ್ಚಿಸಿ, ನೀರು ಚಿಮುಕಿಸಿ ಗುಡಿಸಿ, ಎಲೆ ಊದುವ ಯಂತ್ರ ಬೇಡ. ಗಿಡಕ್ಕೀಗ ಸರದಿ. ರಸ್ತೆ ಮತ್ತು ಕಾಲುದಾರಿಯ ನಡುವೆ ಬುಡದಿಂದಲೇ ಒತ್ತಾಗಿ ಬೆಳೆಯುವ, ವರ್ಷವಿಡೀ ಎಲೆ ಇರುವ ಬೇಲಿಗಿಡ ಉಪಯುಕ್ತ. ಎರಡೂ ಕಡೆ ಎತ್ತರದ ಕಟ್ಟಡಗಳಿರುವ ಇಕ್ಕಟ್ಟಿನ ರಸ್ತೆಯಲ್ಲಿ ದಟ್ಟ ಕೊಂಬೆಗಳ ಮರಸಾಲು ಗಾಳಿಯಾಟ ತಡೆದು ವಾಹನದ ಹೊಗೆಯನ್ನು ಕೆಳಗೇ ಹಿಡಿದಿಡಬಹುದು.

7. ಪತ್ರ ಬರೆಯುವ ಕ್ರಮ

ನಿಮ್ಮಿಂದ ಆಗದ್ದನ್ನು ಸ್ಥಳೀಯ ಆಡಳಿತಕ್ಕೆ ಬರೆಯಿರಿ. ಒಂದು ಪತ್ರದಲ್ಲಿ ಒಂದೇ ಬೇಡಿಕೆ ಇರಲಿ: ‘ಇಂಥ ಮೂಲೆಗೆ ಕಸದ ಗಾಡಿ ವಾರಕ್ಕೆರಡು ಸಲ ಬರಲಿ’ ಎಂಬಷ್ಟು ಖಚಿತವಾಗಿ. ಹತ್ತು ಬೇಡಿಕೆ ಬರೆದರೆ ಎಲ್ಲಕ್ಕಿಂತ ಸುಲಭದ ಒಂದಕ್ಕೆ ಉತ್ತರ ಬರುತ್ತದೆ. ನಕ್ಷೆಯ ಪ್ರತಿ, ದಿನಾಂಕವಿರುವ ಫೋಟೊ, ಅಕ್ಕಪಕ್ಕದವರ ಸಹಿ ಲಗತ್ತಿಸಿ, ನಿಮ್ಮ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಎರಡನೆಯ ಪತ್ರದ ಮೊದಲ ಸಾಲಿನಲ್ಲಿ ಬೇಕಾಗುವುದು ಆ ಮೊಹರಿನ ದಿನಾಂಕವೇ.