ಬ್ರೂಡರ್‌ನಲ್ಲಿ ಕೋಳಿಮರಿ: ನಾನು ನೋಡಿಕೊಳ್ಳುವ ಬಗೆ

ಮನೆಯಲ್ಲೇ ಬ್ರೂಡರ್, ಅಂದರೆ ಎಳೆಮರಿಗಳನ್ನು ಬಲ್ಬಿನ ಕಾವಿನಲ್ಲಿ ಬೆಚ್ಚಗಿಡುವ ಪೆಟ್ಟಿಗೆ, ಮಾಡಿ ಮರಿ ಸಾಕುತ್ತೇನೆ ಅಂದರೆ ಸಾಕು, ಎಲ್ಲರೂ ಬೆಕ್ಕು, ಇಲಿ, ಹಾವಿನ ಮಾತೆತ್ತುತ್ತಾರೆ. ಆ ಭಯ ಇದ್ದದ್ದೇ. ಆದರೆ ನಾನು ನೋಡಿದ ಮಟ್ಟಿಗೆ, ಮೊದಲ ವಾರ ಮರಿಗಳಿಗೆ ಕುತ್ತು ಬರುವುದು ಜಾಸ್ತಿ ನಾವೇ ಪೆಟ್ಟಿಗೆಯೊಳಗೆ ಇಟ್ಟ ವಸ್ತುಗಳಿಂದ. ಬಲ್ಬು, ನೀರಿನ ಬಟ್ಟಲು, ಕೆಳಗೆ ಹಾಸಿದ ಹಾಸು. ಹಾಗಾಗಿ ಮೊದಲು ಅವುಗಳ ಕಡೆ ಗಮನ ಕೊಡುತ್ತೇನೆ. ಬೆಕ್ಕಿನ ವಿಚಾರ ಆಮೇಲೆ.

ಬಲ್ಬನ್ನು ನಾನು ಅದರ ವೈರಿನಲ್ಲೇ ನೇತುಹಾಕುವುದಿಲ್ಲ. ಕ್ಲಿಪ್ಪನ್ನೂ ನಂಬುವುದಿಲ್ಲ. ಮರಿ ಹಾರಿ ಬಡಿದರೆ ಅಥವಾ ಯಾರದ್ದೋ ಕೈ ತಾಗಿದರೆ ಕ್ಲಿಪ್ ಜಾರುತ್ತದೆ, ಬಿಸಿ ಬಲ್ಬು ಒಣಗಿದ ಹೊಟ್ಟಿನ ಮೇಲೆ ಬೀಳುತ್ತದೆ. ಮನೆಗೇ ಬೆಂಕಿ ಹತ್ತಲು ಅಷ್ಟು ಸಾಕು. ಅದಕ್ಕೆ ಮೇಲಿನ ಗಟ್ಟಿ ಕೊಕ್ಕೆಯಿಂದ ಸರಪಳಿ ಇಳಿಬಿಟ್ಟು ಕಟ್ಟುತ್ತೇನೆ, ಜೊತೆಗೆ ಬೇರೆ ಕೊಕ್ಕೆಯಿಂದ ಇನ್ನೊಂದು ತಂತಿ. ಒಂದು ಕೈಕೊಟ್ಟರೂ ಇನ್ನೊಂದು ಹಿಡಿದಿರಬೇಕು. ಬಲ್ಬಿನ ಸುತ್ತ ತಂತಿಯ ಕವಚ ಇರಲೇಬೇಕು. 250 ವ್ಯಾಟ್‌ನ ಬಲ್ಬಾದರೆ ಹಾಸಿನಿಂದ ಸುಮಾರು 45 ಸೆಂಟಿಮೀಟರ್ ಮೇಲಿಂದ ಶುರು ಮಾಡಿ, ಮರಿಗಳನ್ನು ನೋಡಿಕೊಂಡು ಮೇಲಕ್ಕೆತ್ತುತ್ತೇನೆ. ನಾಲ್ಕಾರು ಮರಿಗಳ ಸಣ್ಣ ಪೆಟ್ಟಿಗೆಗೆ ಅಷ್ಟು ದೊಡ್ಡ ಬಲ್ಬು ಬೇಡವೇ ಬೇಡ. ಇನ್ನೊಂದು ಮಾತು: ಒಡೆದರೂ ಚೂರಾಗದ ಬಲ್ಬು ಅಂತ ಕೆಲವು ಸಿಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಟೆಫ್ಲಾನ್ ಥರದ ಲೇಪ ಇರುತ್ತದೆ. ಅದು ಕಾದಾಗ ಬರುವ ಹೊಗೆ ನಮ್ಮ ಮೂಗಿಗೆ ಗೊತ್ತೇ ಆಗುವುದಿಲ್ಲ, ಹಕ್ಕಿಗಳ ಶ್ವಾಸಕೋಶಕ್ಕಂತೂ ಅದು ವಿಷ. ಡಬ್ಬಿಯ ಮೇಲೆ ಬರೆದದ್ದನ್ನು ಓದದೆ ನಾನು ಬಲ್ಬು ತರುವುದಿಲ್ಲ.

ಬಲ್ಬನ್ನು ಪೆಟ್ಟಿಗೆಯ ನಡುವೆ ಇಡಬೇಡಿ. ಒಂದು ತುದಿಗಿರಲಿ. ಆಗ ಸೆಕೆಯಾದ ಮರಿಗೆ ಓಡಿಹೋಗಲು ಇನ್ನೊಂದು ತುದಿ ಇರುತ್ತದೆ. ಲೆಕ್ಕದ ಪ್ರಕಾರ ಮೊದಲ ವಾರ ಬಲ್ಬಿನ ಕೆಳಗೆ 32ರಿಂದ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಕಡಿಮೆ ಮಾಡುತ್ತ ಹೋಗಬೇಕು. ಥರ್ಮಾಮೀಟರ್ ಗೋಡೆಯ ಮೇಲಲ್ಲ, ಮರಿಯ ಬೆನ್ನಿನ ಎತ್ತರಕ್ಕಿರಲಿ. ನಾನು ಥರ್ಮಾಮೀಟರ್ ಇಟ್ಟಿದ್ದೇನೆ, ನಿಜ. ಆದರೆ ಅದಕ್ಕಿಂತ ಹೆಚ್ಚು ನೋಡುವುದು ಮರಿಗಳನ್ನೇ. ಬಲ್ಬಿನ ಕೆಳಗೆ ಮುದ್ದೆಯಾಗಿ ಸೇರಿ ಜೋರಾಗಿ ಕೂಗುತ್ತಿದ್ದರೆ ಚಳಿ. ಗೋಡೆಗೆ ಅಂಟಿಕೊಂಡು ರೆಕ್ಕೆ ಇಳಿಬಿಟ್ಟು ಬಾಯಿ ತೆರೆದು ಉಸಿರಾಡುತ್ತಿದ್ದರೆ ಸೆಕೆ. ಎಲ್ಲವೂ ಒಂದೇ ಮೂಲೆಗೆ ಸರಿದಿದ್ದರೆ ಎಲ್ಲಿಂದಲೋ ಗಾಳಿ ಹೊಡೆಯುತ್ತಿದೆ ಅಂತ ಅರ್ಥ. ಸರಿಯಾಗಿದ್ದರೆ ಅಲ್ಲಲ್ಲಿ ಹರಡಿಕೊಂಡು, ಸಣ್ಣಗೆ ಚಿಂವ್‌ಗುಟ್ಟುತ್ತ ಓಡಾಡಿಕೊಂಡಿರುತ್ತವೆ.

ರಾತ್ರಿ ಮಲಗುವ ಮುಂಚೆ ಒಂದು ಸಲ ಇಣುಕಿ ನೋಡುವುದು ನನ್ನ ಅಭ್ಯಾಸ. ಹೊಸಬರಿಗೆ ಆ ಹೊತ್ತಿನಲ್ಲಿ ಎದೆ ಧಸಕ್ ಅನ್ನಬಹುದು. ಚೆನ್ನಾಗಿ ಬೆಚ್ಚಗಿರುವ ಮರಿ ಕುತ್ತಿಗೆ ಮುಂದಕ್ಕೆ ಚಾಚಿ, ಕೊಕ್ಕನ್ನು ಹೊಟ್ಟಿಗೆ ಒತ್ತಿ, ಒಂದು ಕಾಲು ಹಿಂದಕ್ಕೆಳೆದುಕೊಂಡು ಸತ್ತ ಹಾಗೇ ಬಿದ್ದಿರುತ್ತದೆ. ಬೆರಳು ತಾಗಿಸಿದರೆ ಸಿಟ್ಟಿನಿಂದ ಕಣ್ಣು ತೆರೆಯುತ್ತದೆ. ಸುಮ್ನೆ ಬಿಡಿ, ಅದು ಸುಖವಾಗಿ ಮಲಗಿದೆ. ಭಯಪಡಬೇಕಾದ್ದು ಒಂದರ ಮೇಲೊಂದು ಏರಿ ಮಲಗಿದ್ದರೆ. ಚಳಿಗೆ ಹಾಗೆ ಮೂಲೆಯಲ್ಲಿ ಒತ್ತಿಕೊಂಡರೆ ಅಡಿಯಲ್ಲಿರುವುದು ಉಸಿರುಕಟ್ಟಿ ಸಾಯುತ್ತದೆ. ಅದಕ್ಕೇ ನಾನು ರಟ್ಟು ಬಾಗಿಸಿ ಪೆಟ್ಟಿಗೆಯ ಮೂಲೆಗಳನ್ನೆಲ್ಲ ದುಂಡಗೆ ಮಾಡಿಬಿಡುತ್ತೇನೆ.

ಇನ್ನು ನೀರು. ಎಳೆಮರಿ ಅಂಗೈಯಗಲದ ಬಟ್ಟಲಲ್ಲೂ ಮುಳುಗುತ್ತದೆ. ಮುಳುಗದಿದ್ದರೂ ಒದ್ದೆಯಾಗಿ ಚಳಿ ಹಿಡಿದು ಹೋಗುತ್ತದೆ. ಕಿರಿದಾದ ಅಂಚಿರುವ ಡ್ರಿಂಕರ್ (ಮರಿಗಳು ನೀರು ಕುಡಿಯುವ ಪಾತ್ರೆ) ಇಟ್ಟು, ಆ ಅಂಚಿನಲ್ಲಿ ತೊಳೆದ ಬೆಣಚುಕಲ್ಲು ತುಂಬುತ್ತೇನೆ. ಕೊಕ್ಕು ಹೋಗುವಷ್ಟು ಸಂದಿ ಸಾಕು. ಮರಿ ಬಂದ ಕೂಡಲೇ ಒಂದೊಂದರ ಕೊಕ್ಕನ್ನೂ ಉಗುರುಬೆಚ್ಚಗಿನ ನೀರಿಗೆ ಅದ್ದಿ ತೋರಿಸುತ್ತೇನೆ. ಒಂದು ಕ್ಷಣ ಸುಮ್ಮನಿದ್ದು, ತಲೆ ಮೇಲೆತ್ತಿ, ಕೊಕ್ಕು ಚಪ್ಪರಿಸಿ ನುಂಗಿತೋ, ಆ ಮರಿಯ ಚಿಂತೆ ಬಿಟ್ಟೆ. ನೀರು ಮೊದಲು, ಮೇವು ಆಮೇಲೆ. ಹೊಟ್ಟೆಯೊಳಗೆ ಉಳಿದ ಹಳದಿ ಲೋಳೆಯಿಂದ ಮರಿ ಎರಡು ದಿನ ದೂಡಬಲ್ಲದು, ಅದಕ್ಕೆ ಗಾಬರಿ ಬೇಡ.

ಮೇವಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. 18ರಿಂದ 20 ಶೇಕಡಾ ಪ್ರೋಟೀನ್ ಇರುವ ಮರಿಗಳ ಸ್ಟಾರ್ಟರ್ ಮೇವೇ ಆಗಬೇಕು. ಮೊಟ್ಟೆಕೋಳಿಯ ಮೇವು ಮಿಕ್ಕಿದೆ ಅಂತ ಅದನ್ನೇ ಹಾಕಬಾರದು. ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ, ಮರಿಯ ಮೂತ್ರಪಿಂಡ ಕೆಡುತ್ತದೆ.

ಹಾಸಿಗೆ ನುಣುಪಾದ ಪೇಪರ್ ಬೇಡ. ಕಾಲು ಜಾರಿ ಜಾರಿ ಎರಡೂ ಪಕ್ಕಕ್ಕೆ ಅಗಲಿಬಿಡುತ್ತವೆ. ಮೊದಲ ದಿನಗಳಲ್ಲೇ ಕಣ್ಣಿಗೆ ಬಿದ್ದರೆ ಮೆತ್ತನೆಯ ಅಂಟುಪಟ್ಟಿಯಿಂದ ಎರಡೂ ಕಾಲನ್ನು ಸಹಜ ಅಂತರದಲ್ಲಿ ಸೇರಿಸಿ ಕಟ್ಟಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನಾನು ಮರದ ಹೊಟ್ಟನ್ನು ಎರಡು ಇಂಚು ದಪ್ಪ ಹಾಸುತ್ತೇನೆ, ಪುಡಿ ಪುಡಿಯಾದದ್ದಲ್ಲ, ಚಕ್ಕೆಯಂಥದ್ದು. ಡ್ರಿಂಕರ್ ಸುತ್ತ ಒದ್ದೆಯಾದ ಹೊಟ್ಟನ್ನು ದಿನವೂ ತೆಗೆಯುತ್ತೇನೆ. ಸುಮ್ನೆ ಸ್ವಚ್ಛತೆಯ ಹುಚ್ಚಲ್ಲ ಇದು. ಬೆಚ್ಚಗೆ, ಒದ್ದೆಯಾಗಿದ್ದ ಕಡೆ ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರೋಪಜೀವಿ ಒಂದೆರಡು ದಿನದಲ್ಲೇ ರೋಗ ಹರಡುವ ಹಂತಕ್ಕೆ ಬರುತ್ತದೆ. ಮೂರನೇ ವಾರದಿಂದ ಈಚೆಗೆ ಹಿಕ್ಕೆಯಲ್ಲಿ ರಕ್ತ ಕಂಡರೆ, ಮರಿ ಗರಿ ಉಬ್ಬಿಸಿ ಕೂತರೆ, ನಾನು ಕಾಯುವುದಿಲ್ಲ. ಪಶುವೈದ್ಯರಿಂದ ನೀರಿಗೆ ಹಾಕುವ ಔಷಧಿ ತರುತ್ತೇನೆ. ವಾಸನೆಯ ಪರೀಕ್ಷೆಯನ್ನು ನಿಂತುಕೊಂಡು ಮಾಡಬಾರದು. ಮೂಗನ್ನು ಮರಿಯ ಎತ್ತರಕ್ಕೆ ಇಳಿಸಿ ನೋಡಿ. ಹಿಕ್ಕೆಯಿಂದ ಏಳುವ ಘಾಟು, ಅಮೋನಿಯಾ, ಇರುವುದು ಅಲ್ಲೇ ಅಲ್ವಾ?

ದಿನಕ್ಕೊಮ್ಮೆ ಮರಿಗಳ ಹಿಂಬದಿಯನ್ನೂ ನೋಡುತ್ತೇನೆ. ಹಿಕ್ಕೆ ಮೆತ್ತಿಕೊಂಡು ಒಣಗಿ ದ್ವಾರ ಮುಚ್ಚಿದ್ದರೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ನೆನೆಸಿ ಮೆಲ್ಲಗೆ ಬಿಡಿಸಬೇಕು, ಕೀಳಬಾರದು. ಅದಕ್ಕಿಂತ ಸ್ವಲ್ಪ ಕೆಳಗೆ, ಹೊಟ್ಟೆಯ ಕಡೆ ಕಾಣುವ ಕಪ್ಪು ಚುಕ್ಕೆ ಹೊಕ್ಕುಳು. ಅದನ್ನು ಮುಟ್ಟಲೇಬೇಡಿ.

ಈಗ ಬೆಕ್ಕು, ಇಲಿ. ಕೋಳಿಗೂಡಿನ ಅಗಲ ಕಣ್ಣಿನ ಜಾಲರಿ ಕೋಳಿಯನ್ನು ಒಳಗಿಡುತ್ತದೆ, ಇಲಿಯನ್ನು ಹೊರಗಿಡುವುದಿಲ್ಲ. ನಾನು ಬಳಸುವುದು ಅರ್ಧ ಇಂಚಿನ ಕಣ್ಣಿನ ಗಟ್ಟಿ ವೆಲ್ಡ್ ಜಾಲರಿ, ಮೇಲ್ಮುಚ್ಚಳಕ್ಕೂ ಅದೇ. ಎರಡನೇ ವಾರಕ್ಕೆ ಮರಿಗಳೇ ಅಂಚಿಗೆ ಹಾರಿ ಕೂರುತ್ತವೆ, ಆಗ ಮುಚ್ಚಳ ಹೇಗೂ ಬೇಕು. ಮಕ್ಕಳು ಮರಿ ಮುಟ್ಟಿದರೆ ಸೋಪು ಹಾಕಿ ಕೈ ತೊಳೆಸುತ್ತೇನೆ. ಆರೋಗ್ಯವಾಗಿ ಕಾಣುವ ಮರಿಯ ಮೈಮೇಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಮುತ್ತು ಕೊಡುವುದಂತೂ ಬೇಡ.

ಕರೆಂಟ್ ಹೋದರೆ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಮರಿಗಳ ನಡುವೆ ಇಡುತ್ತೇನೆ. ಗಾಳಿಗೆ ಸಂದಿ ಬಿಟ್ಟು ಮೇಲೆ ಕಂಬಳಿ ಹೊದಿಸುತ್ತೇನೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವವರಿದ್ದಾರೆ. ಅದರ ಹೊಗೆ ಮರಿಗೂ ಮನುಷ್ಯರಿಗೂ ಜೀವಕ್ಕೆ ಕುತ್ತು.

ಐದಾರು ವಾರಕ್ಕೆ ಮೈತುಂಬ ಗರಿ ಬಂದಿರುತ್ತದೆ. ಅದಕ್ಕೆ ಮುಂಚಿನಿಂದಲೇ ಹಗಲು ಬಲ್ಬು ಆರಿಸಿ ರೂಢಿ ಮಾಡಿಸುತ್ತೇನೆ, ಆಮೇಲೆ ರಾತ್ರಿಯೂ. ದೊಡ್ಡ ಕೋಳಿಗಳ ನಡುವೆ ನೇರ ಬಿಟ್ಟರೆ ಕುಕ್ಕಿ ಗಾಯ ಮಾಡುತ್ತವೆ. ಹಾಗಾಗಿ ಮೊದಮೊದಲು ನಡುವೆ ಜಾಲರಿ ಇಟ್ಟು, ಒಂದನ್ನೊಂದು ನೋಡಿಕೊಂಡಿರಲು ಬಿಡುತ್ತೇನೆ.